ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ: ಬೆಂಗಳೂರಿನಿಂದಲೇ ಹಿಡಿಯಬಹುದಾ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಗೆ ಬರುತ್ತಿದ್ದೇನೆ. ಬ್ಲೂ ಕಾರ್ಡ್‌ಗೆ ವೀಸಾ ಆಗಿದೆ, ಆಫೀಸು ಸ್ಟುಟ್‌ಗಾರ್ಟ್ ಪಕ್ಕದ ರೆನ್ನಿಂಗನ್‌ನಲ್ಲಿ. ಹೆಂಡತಿ ಮತ್ತು ಯುಕೆಜಿ ಓದುತ್ತಿರುವ ಮಗಳು ಜೊತೆಗೇ ಬರುತ್ತೇವೆ ಅನ್ನುತ್ತಿದ್ದಾರೆ. ಕಂಪನಿಯವರು ಒಂದು ತಿಂಗಳು ಸರ್ವಿಸ್ ಅಪಾರ್ಟ್‌ಮೆಂಟ್ ಕೊಡುತ್ತಾರಂತೆ. ಆಮೇಲೆ ನಮ್ಮ ಪಾಡು ನಮಗೆ.

ಬೆಂಗಳೂರಿನಲ್ಲಿ ಮನೆ ಹಿಡಿಯೋದು ಗೊತ್ತು. ಏರಿಯಾ ಸುತ್ತು ಹಾಕಿ, ಟೂ-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿ, ಓನರ್ ಆಂಟಿಯ "ವೆಜ್ಜಾ, ನಾನ್‌ವೆಜ್ಜಾ" ಪರೀಕ್ಷೆ ಪಾಸಾಗಿ ಅಡ್ವಾನ್ಸ್ ಕೊಟ್ಟರೆ ಮುಗೀತು. ಜರ್ಮನಿಯ ಬಾಡಿಗೆ ಆ್ಯಪ್‌ನಲ್ಲಿ ಎಷ್ಟು ಮೆಸೇಜ್ ಕಳಿಸಿದರೂ ಯಾರೂ ಮಾತಾಡೋದೇ ಇಲ್ಲ. ಒಬ್ಬರು ಮಾತ್ರ ಉತ್ತರ ಕೊಟ್ಟಿದ್ದಾರೆ. ಸ್ಟುಟ್‌ಗಾರ್ಟ್ ವೆಸ್ಟ್‌ನಲ್ಲಿ ಮೂರು ರೂಮಿನ ಮನೆ, ಪೂರ್ತಿ ಫರ್ನಿಶ್ಡ್, ಬಾಡಿಗೆ 750 ಯೂರೋ. ಓನರ್ ಈಗ ಲಂಡನ್‌ನಲ್ಲಿದ್ದಾರೆ. ಎರಡು ತಿಂಗಳ ಅಡ್ವಾನ್ಸ್ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತಾರಂತೆ. ಮನೆ ಹಿಡಿಸದಿದ್ದರೆ ದುಡ್ಡು ವಾಪಸ್ ಅಂತೆ. ಹೆಂಡತಿಗೆ ಫೋಟೋ ನೋಡಿ ಬಹಳ ಇಷ್ಟವಾಗಿದೆ. ಕಳಿಸಬಹುದಾ?

ಇನ್ನೊಂದು. ಕೆಲವು ಜಾಹೀರಾತುಗಳಲ್ಲಿ ಅಡುಗೆಮನೆ ಇಲ್ಲ ಅಂತ ಬರೆದಿದೆ. ಅಡುಗೆಮನೆ ಇಲ್ಲದ ಮನೆ ಇರುತ್ತಾ?

ಕಡಲ_ತಡಿ_ಮ್ಯೂನಿಕ್

ಒಂದು ಪೈಸೆಯೂ ಕಳಿಸಬೇಡಿ ಮಾರಾಯ್ರೆ. ಓನರ್ ಊರಲ್ಲಿಲ್ಲ, ಕೀಲಿ ಕೊರಿಯರ್‌ನಲ್ಲಿ ಬರುತ್ತೆ, ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಈ ಮೂರೂ ಒಟ್ಟಿಗೆ ಬಂದರೆ ಅದು ಮೋಸವೇ. ಆಮೇಲೆ ಪಾಸ್‌ಪೋರ್ಟ್ ಕಾಪಿ ಕೇಳುತ್ತಾರೆ, ಅದನ್ನೂ ಕೊಡಬೇಡಿ. ನಿಮ್ಮ ಹೆಸರಲ್ಲೇ ಮುಂದಿನವರಿಗೆ ಟೋಪಿ ಹಾಕೋದಕ್ಕೆ ಬಳಸುತ್ತಾರೆ. ಮನೆಯ ಒಳಗೆ ಕಾಲಿಟ್ಟು ನೋಡದೆ ಇಲ್ಲಿ ಯಾರಿಗೂ ದುಡ್ಡು ಕೊಡೋ ಹಾಗಿಲ್ಲ. ನೀವೇ ನೋಡಬೇಕಂತಿಲ್ಲ, ನಂಬಿಕೆಯ ಒಬ್ಬರು ಹೋಗಿ ನೋಡಿದರೂ ಸಾಕು. "ನನ್ನ ಸ್ನೇಹಿತ ನಾಳೆ ಬಂದು ಮನೆ ನೋಡ್ತಾನೆ" ಅಂತ ಒಂದು ಮೆಸೇಜ್ ಹಾಕಿ, ಮಜಾ ನೋಡಿ.

ಬೆಣ್ಣೆದೋಸೆ_ಸಿಂಡೆಲ್‌ಫಿಂಗನ್

ವೆಸ್ಟ್‌ನಲ್ಲಿ 750 ಯೂರೋಗೆ ಫರ್ನಿಶ್ಡ್ ಮೂರು ರೂಮು ಸಿಗುವ ಹಾಗಿದ್ದರೆ ನಾವೆಲ್ಲ ಇಷ್ಟೊತ್ತಿಗೆ ಅಲ್ಲೇ ಇರುತ್ತಿದ್ದೆವು. ಆ ವಿಷಯ ಬಿಡಿ.

ನಾನು ದಾವಣಗೆರೆಯವಳು. ನಮ್ಮ ಯಜಮಾನರ ಆಫೀಸಿಗೆ ಹೊಸದಾಗಿ ಬರುವವರಿಗೆಲ್ಲ ಮನೆ ಹುಡುಕೋ ಕೆಲಸ ಹೇಗೋ ನನ್ನ ತಲೆಗೆ ಬಂದು ಕೂತಿದೆ. ಜರ್ಮನ್‌ನಲ್ಲಿ ಫೋನ್ ಮಾಡೋದು ನಾನೇ, ಮನೆ ನೋಡೋಕೆ ಜೊತೆಗೆ ಹೋಗೋದೂ ನಾನೇ. ಅದರ ಮೇಲೆ ಹೇಳುತ್ತೇನೆ. ಕಾಯಂ ಮನೆಯನ್ನು ಬೆಂಗಳೂರಿನಿಂದ ಹುಡುಕಬೇಡಿ. ಅಲ್ಲಿಂದ ಹುಡುಕಬೇಕಾದ್ದು ಮೂರು ನಾಲ್ಕು ತಿಂಗಳ ಮಟ್ಟಿಗೆ ಒಂದು ಫರ್ನಿಶ್ಡ್ ಮನೆ. ಚಿಕ್ಕದಾದರೂ ಪರವಾಗಿಲ್ಲ, ದುಬಾರಿಯಾದರೂ ಪರವಾಗಿಲ್ಲ, ಅನ್‌ಮೆಲ್ಡುಂಗ್ ಆಗುವಂಥ ಮನೆಯಾಗಿರಬೇಕು.

ಇಲ್ಲಿ ಮನೆಗೆ ಬಂದ 14 ದಿನದೊಳಗೆ ಊರಿನ ಬ್ಯುರ್ಗರ್‌ಬ್ಯೂರೋಗೆ, ಅಂದರೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅದೇ ಅನ್‌ಮೆಲ್ಡುಂಗ್. ಅದಕ್ಕೆ ಬಾಡಿಗೆ ಕರಾರು ತೋರಿಸಿದರೆ ಸಾಲದು. "ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ" ಅಂತ ಓನರ್ ಸಹಿ ಮಾಡಿದ ಬೇರೆ ಹಾಳೆ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳಬೇಡಿ, ಕಾಪಿ ಮಾಡಿಟ್ಟುಕೊಳ್ಳಿ ಸಾಕು. ವಿಳಾಸ ಬರೆಸಿದ ಮೇಲೆ ಟ್ಯಾಕ್ಸ್ ನಂಬರ್ ಅಂಚೆಯಲ್ಲಿ ಬರುತ್ತದೆ. ಅದು ಆಫೀಸಿಗೆ ತಲುಪುವುದು ತಡವಾದರೆ ಸಂಬಳದಲ್ಲಿ 6ನೇ ಕ್ಲಾಸಿನ ತೆರಿಗೆ ಹಿಡಿಯಬಹುದು. ಎಲ್ಲಕ್ಕಿಂತ ಜಾಸ್ತಿ ತೆರಿಗೆ ಅದೇ. ಆಮೇಲೆ ವಾಪಸ್ ಬರುತ್ತೆ ನಿಜ, ಆದರೆ ಮೊದಲ ಸಂಬಳದ ಚೀಟಿ ನೋಡಿದಾಗ ಎದೆ ಧಸಕ್ ಅನ್ನುತ್ತೆ. ರೆಸಿಡೆನ್ಸ್ ಪರ್ಮಿಟ್ ಕಾರ್ಡಿಗೂ ಈ ವಿಳಾಸವೇ ಆಧಾರ. ಹಾಗಾಗಿ ಕಂಪನಿಯ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ. ಆ ಸರ್ವಿಸ್ ಅಪಾರ್ಟ್‌ಮೆಂಟಿನವರು ಈ ಹಾಳೆ ಕೊಡ್ತಾರಾ ಇಲ್ವಾ ಕೇಳಿ. ಕೆಲವರು ಕೊಡೋದಿಲ್ಲ.

ಹಾಳೆ ಸಿಕ್ಕಿತು ಅಂದುಕೊಳ್ಳಿ. ಮುಂದಿನ ಕೆಲಸ ಟಪಾಲು ಪೆಟ್ಟಿಗೆಯದ್ದು. ನಗಬೇಡಿ. ಇಲ್ಲಿ ಫ್ಲಾಟಿಗೆ ನಂಬರ್ ಇರೋದಿಲ್ಲ. ಬೀದಿ ಹೆಸರು, ಕಟ್ಟಡದ ನಂಬರ್, ಅಲ್ಲಿಗೆ ವಿಳಾಸ ಮುಗೀತು. ಕೆಳಗಡೆ ಹತ್ತು ಹದಿನೈದು ಪೆಟ್ಟಿಗೆಗಳು ಸಾಲಾಗಿರುತ್ತವೆ, ಪ್ರತಿಯೊಂದರ ಮೇಲೂ ಬೆರಳಗಲದ ಹೆಸರಿನ ಪಟ್ಟಿ. ಪೋಸ್ಟಿನವರು ಹೆಸರು ನೋಡಿ ಹಾಕುತ್ತಾರೆ. ಹೆಸರು ಇಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ನಮ್ಮವರಿಗೆ ಇದರಲ್ಲಿ ಇನ್ನೊಂದು ತೊಡಕು. ಗಂಡನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅವರಪ್ಪನ ಹೆಸರು, ಹೆಂಡತಿಯದರಲ್ಲಿ ಅವಳಪ್ಪನ ಹೆಸರು, ಮಗುವಿನದರಲ್ಲಿ ಗಂಡನ ಹೆಸರು. ಒಂದೇ ಮನೆ, ಮೂರು ಸರ್‌ನೇಮು. ಮೂರನ್ನೂ ಅಂಟಿಸಿ. ತುಮಕೂರಿನ ಒಂದು ಜೋಡಿ ಗಂಡನ ಹೆಸರು ಮಾತ್ರ ಹಾಕಿದ್ದರು. ಹೆಂಡತಿಯ ಬ್ಯಾಂಕ್ ಕಾರ್ಡು ಎರಡು ಸಲ ಬಂದು ಬಂದು ವಾಪಸ್ ಹೋಯಿತು.

ಈಗ ಕಾಯಂ ಮನೆ ಯಾಕೆ ಆಮೇಲೆ ಅಂದರೆ, ಇಲ್ಲಿಯ ಓನರ್‌ಗಳು ನೋಡೋದು ನಿಮ್ಮ ಫೈಲು. ಹಿಂದಿನ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಶೂಫಾ ಕೇಳುತ್ತಾರೆ, ಅಂದರೆ ನಮ್ಮ ಸಿಬಿಲ್ ಥರ, ಸಾಲ ಬಿಲ್ಲು ಸರಿಯಾಗಿ ಕಟ್ಟುತ್ತೀರಾ ಅನ್ನೋ ವರದಿ. ಬೆಂಗಳೂರಿನಲ್ಲಿ ಕೂತವರ ಹತ್ತಿರ ಎರಡೂ ಇರೋದಿಲ್ಲ. ಒಂದೇ ಮನೆಗೆ ರಾಶಿ ಅರ್ಜಿ ಬಿದ್ದಿರುವಾಗ ನಿಮ್ಮದನ್ನು ತೆರೆದು ನೋಡೋದು ಯಾರು? ಇಲ್ಲಿಗೆ ಬಂದು, ಬ್ಯಾಂಕ್ ಖಾತೆ ತೆರೆದು, ಸಂಬಳ ಬರೋಕೆ ಶುರುವಾದ ಮೇಲೆ ಅದೇ ಅರ್ಜಿಗೆ ಉತ್ತರ ಬರುತ್ತದೆ. ನಾನು ಮಾಡಿಸುವ ಫೈಲು ಹೀಗಿರುತ್ತೆ: ಮೊದಲ ಪುಟ ಜರ್ಮನ್‌ನಲ್ಲಿ ಅರ್ಧ ಪುಟದ ಪತ್ರ. ಯಾರು, ಎಷ್ಟು ಜನ, ಎಲ್ಲಿ ಕೆಲಸ, ಕೆಲಸ ಕಾಯಮ್ಮಾ, ಕೈಗೆ ಬರುವ ಸಂಬಳ ಎಷ್ಟು, ಯಾವಾಗಿಂದ ಮನೆ ಬೇಕು. ಸಿಗರೇಟಿಲ್ಲ, ನಾಯಿ ಇಲ್ಲ ಅಂತ ಒಂದು ಸಾಲು. ಹಿಂದೆ ಕೆಲಸದ ಕರಾರು, ಸಂಬಳದ ಚೀಟಿ, ಶೂಫಾ, ಮತ್ತೆ ಹಾಫ್ಟ್‌ಫ್ಲಿಷ್ಟ್ ಇನ್ಶೂರೆನ್ಸ್ ಕಾಪಿ. ನಿಮ್ಮಿಂದ ಬೇರೆಯವರ ಆಸ್ತಿಗೆ ಹಾನಿಯಾದರೆ ಕೊಡುವ ವಿಮೆ ಅದು. ಕಡ್ಡಾಯವಲ್ಲ, ಆದರೆ ಇದ್ದರೆ ಓನರ್‌ಗಳಿಗೆ ಬಹಳ ಸಮಾಧಾನ. ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಫೋನಲ್ಲಿಟ್ಟುಕೊಳ್ಳಿ. ಜಾಹೀರಾತು ಬಿದ್ದ ಅರ್ಧ ಗಂಟೆಯೊಳಗೆ ಬರೆಯಬೇಕು. ರಾತ್ರಿ ಊಟ ಮಾಡಿ ನಿಧಾನಕ್ಕೆ ಬರೆದರೆ ಆಗೋದಿಲ್ಲ.

ಪಾಸ್‌ಪೋರ್ಟು, ಸಂಬಳದ ಚೀಟಿ ಎಲ್ಲ ಮನೆ ನೋಡಿದ ಮೇಲೆ ಕೊಡಿ. ಮೊದಲ ಮೆಸೇಜಿಗೆ ಪತ್ರ ಸಾಕು.

ಜಾಹೀರಾತು ಓದುವಾಗ ಎರಡು ಬಾಡಿಗೆ ಕಾಣುತ್ತೆ. ಕಾಲ್ಟ್ ಅಂದರೆ ಬರೀ ಮನೆಯ ಬಾಡಿಗೆ. ವಾರ್ಮ್ ಅಂದರೆ ನೀರು, ಹೀಟಿಂಗ್, ಕಸ, ಮೆಟ್ಟಿಲ ದೀಪ ಎಲ್ಲ ಸೇರಿ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರಲ್ಲೂ ಸೇರಿರೋದಿಲ್ಲ. ಹೀಟಿಂಗ್‌ಗೆ ತಿಂಗಳು ತಿಂಗಳು ಕೊಡೋದು ಅಂದಾಜು ಲೆಕ್ಕ. ವರ್ಷ ಕಳೆದ ಮೇಲೆ ನಿಜವಾದ ಲೆಕ್ಕ ಬರುತ್ತದೆ, ಚಳಿ ಅಂತ ಎಲ್ಲ ರೂಮಲ್ಲೂ ಹೀಟರ್ ನಾಬನ್ನು ಕೊನೇ ನಂಬರ್ ಐದಕ್ಕೆ ತಿರುಗಿಸಿಟ್ಟವರು ಆಗ ಕಟ್ಟಬೇಕು. ಮೂರು ಸಿಮ್ಮರ್ ಅಂದರೆ ಹಾಲೂ ಸೇರಿ ಮೂರು ರೂಮು, ಅಂದರೆ ನಮ್ಮ 2 ಬಿಎಚ್‌ಕೆ. ಮೂರು ಬೆಡ್‌ರೂಮು ಅಂದುಕೊಂಡು ಹೋಗಬೇಡಿ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಖುಷಿ ಪಡಿ. ಬೆಂಗಳೂರಿನ ಹತ್ತು ತಿಂಗಳ ಕಥೆ ಇಲ್ಲಿಲ್ಲ. ಕಾನೂನು ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಲ್ಲಿ ಕೊಡುವ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಬ್ರೋಕರ್ ವಿಷಯವೂ ಅಷ್ಟೇ. 2015ರ ಜೂನ್‌ನಿಂದ ಬ್ರೋಕರನ್ನು ಯಾರು ಕರೆಸಿದರೋ ಅವರೇ ಫೀಸು ಕೊಡಬೇಕು. ಓನರ್ ಕರೆಸಿದ ಬ್ರೋಕರ್ ನಿಮ್ಮ ಹತ್ತಿರ ಕೈ ಚಾಚಿದರೆ ಕೊಡಬೇಡಿ.

ಇನ್ನು ಅಡುಗೆಮನೆ. ನೀವು ಓದಿದ್ದು ಸರಿಯಾಗೇ ಇದೆ. ರೂಮು ಇರುತ್ತೆ, ಒಳಗೆ ಏನೂ ಇರೋದಿಲ್ಲ. ಗೋಡೆಯಲ್ಲಿ ಎರಡು ನಲ್ಲಿ ಪೈಪು, ಕೆಳಗೊಂದು ಸ್ಟೌ ವೈರು. ಸಿಂಕ್, ಕಟ್ಟೆ, ಒಲೆ, ಕಬೋರ್ಡು ಎಲ್ಲ ಹಳೇ ಬಾಡಿಗೆಯವರು ಬಿಚ್ಚಿಕೊಂಡು ಹೋಗಿರುತ್ತಾರೆ. ಹಾಲಿನಲ್ಲಿ ಲೈಟೂ ಇರೋದಿಲ್ಲ, ಚಾವಣಿಯಿಂದ ವೈರು ನೇತಾಡುತ್ತಿರುತ್ತೆ. ಜಾಹೀರಾತಿನಲ್ಲಿ ಇಬಿಕೆ ಅಂತ ಇದ್ದರೆ ಅಡುಗೆಮನೆ ಸಮೇತ. ಮಗು ಇರುವವರು ಇಬಿಕೆ ಇಲ್ಲದ ಮನೆಗೆ ಕೈ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಅಡುಗೆಮನೆ ಆರ್ಡರ್ ಮಾಡಿ, ಬಂದು, ಜೋಡಿಸಿ, ಎಲೆಕ್ಟ್ರಿಷಿಯನ್ ಬಂದು ಒಲೆ ಕನೆಕ್ಷನ್ ಕೊಡೋವರೆಗೆ ಎಷ್ಟು ದಿನ ಅಂತ ಬ್ರೆಡ್ಡು ತಿಂತೀರಾ?

ಆಫೀಸು ರೆನ್ನಿಂಗನ್ ಅಂದ ಮೇಲೆ ಸ್ಟುಟ್‌ಗಾರ್ಟ್ ಒಳಗೇ ಯಾಕೆ? ಎಸ್6 ಲೋಕಲ್ ರೈಲಿನ ಲೈನಿನಲ್ಲಿ ಲಿಯೋನ್‌ಬರ್ಗ್, ಮಾಲ್ಮ್ಸ್‌ಹೈಮ್, ವೈಲ್ ಡೇರ್ ಷ್ಟಾಟ್ ಇವೆ. ಎಸ್60ಯಲ್ಲಿ ಬೋಬ್ಲಿಂಗನ್, ನಮ್ಮ ಸಿಂಡೆಲ್‌ಫಿಂಗನ್, ಮಾಗ್‌ಷ್ಟಾಟ್. ಎಲ್ಲದರಿಂದಲೂ ನೇರ ರೈಲು. ಮಗಳ ಶಾಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ರಾಜ್ಯದಲ್ಲಿ ಜೂನ್ 30ರೊಳಗೆ ಆರು ವರ್ಷ ತುಂಬಿದರೆ ಆ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ಸರ್ಕಾರಿ ಪ್ರಾಥಮಿಕ ಶಾಲೆ ಯಾವುದು ಅಂತ ನಿಮ್ಮ ವಿಳಾಸವೇ ನಿರ್ಧಾರ ಮಾಡುತ್ತೆ. ಶಾಲೆ ಶುರುವಾದ ಮೇಲೆ ಊರು ಬದಲಿಸಿದರೆ ಮಗುವಿಗೆ ಮತ್ತೆ ಹೊಸ ಶಾಲೆ, ಹೊಸ ಸ್ನೇಹಿತರು. ಅದಕ್ಕೇ ನನ್ನ ಸಲಹೆ: ಮೊದಲು ನೀವೊಬ್ಬರೇ ಬನ್ನಿ, ಮನೆ ಆದ ಮೇಲೆ ಅವರನ್ನು ಕರೆಸಿ.

ಫೇಡಾ_ಪ್ರೇಮಿ

ಅಕ್ಕಾವರು ಹೇಳಿದ್ದೆಲ್ಲ ಖರೆ, ಕಡೇ ಮಾತೊಂದು ಬಿಟ್ಟು. ನಾನು ಒಬ್ಬನೇ ಬಂದವನು. ನವೆಂಬರ್ ತಿಂಗಳು, ಸಂಜೆ ಐದಕ್ಕೆ ಕತ್ತಲು, ಭಾನುವಾರ ಒಂದು ಅಂಗಡಿ ತೆಗೆದಿರೋದಿಲ್ಲ. ಆಫೀಸಿನಿಂದ ಬಂದು ಅನ್ನ ಮೊಸರು ಕಲಸಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದೆ. ಅಂಥ ಹೊತ್ತಲ್ಲಿ ಮನೆ ಹುಡುಕುವ ಹುರುಪು ಎಲ್ಲಿಂದ ಬರಬೇಕು ನೋಡ್ರಿ? ಹೆಂಡತಿ ಬಂದ ಮೇಲೆ ಮನೆ ಸಿಕ್ಕಿತು. ಅವಳು ಹಗಲು ಹೊತ್ತು ಜಾಹೀರಾತು ನೋಡಿ ಅಲ್ಲೇ ಮೆಸೇಜ್ ಹಾಕುತ್ತಿದ್ದಳು, ನಾನು ಮೀಟಿಂಗ್‌ನಲ್ಲಿ ಇರುತ್ತಿದ್ದೆ. ಮನೆ ನೋಡಲು ಇಬ್ಬರೂ ಹೋದರೆ ಓನರ್‌ಗೂ ಎದುರಿಗೆ ಸಂಸಾರ ಕಾಣುತ್ತೆ. "ಆಮೇಲೆ ಕುಟುಂಬ ಬರುತ್ತೆ" ಅಂದರೆ ಯಾರು ಬರುತ್ತಾರೋ, ಎಷ್ಟು ಜನ ಬರುತ್ತಾರೋ ಅಂತ ಅವರಿಗೆ ಅನುಮಾನ.

ಇಬಿಕೆ ಇಲ್ಲದ ಮನೆಯನ್ನೂ ಅಷ್ಟು ದೂರ ಮಾಡಬೇಡಿ. ಹಳೇ ಬಾಡಿಗೆಯವರೇ ತಮ್ಮ ಅಡುಗೆಮನೆ ಮಾರುತ್ತಾರೆ, ಆಬ್ಲ್ಯೋಸೆ ಅಂತಾರೆ. ಬಿಚ್ಚಿ ಹೊರುವ ಕೆಲಸ ಅವರಿಗೂ ಬೇಡ, ಹಾಗಾಗಿ ಚೌಕಾಸಿ ನಡೆಯುತ್ತೆ. ದುಡ್ಡು ಕೊಡುವ ಮೊದಲು ಒಲೆ, ಓವನ್, ಡಿಶ್‌ವಾಷರ್ ಎಲ್ಲ ಚಾಲೂ ಮಾಡಿ ನೋಡಿ. ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಕರಾರಿನಲ್ಲಿ ಒಂದು ಕಲಮು ನೋಡಿಕೊಳ್ಳಿ. ಬಿಡುವಾಗ ಮೂರು ತಿಂಗಳ ನೋಟಿಸು ಅನ್ನೋದು ಇಲ್ಲಿಯ ಪದ್ಧತಿ. ತಿಂಗಳ ಮೂರನೇ ಕೆಲಸದ ದಿನದೊಳಗೆ ಓನರ್ ಕೈಗೆ ಮುಟ್ಟಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತೆ. ಸಹಿ ಮಾಡಿದ ಕಾಗದವೇ ಬೇಕು, ವಾಟ್ಸಾಪ್ ನಡೆಯೋದಿಲ್ಲ. ಆದರೆ ಕೆಲವರು "ಎರಡು ವರ್ಷ ಬಿಡುವ ಹಾಗಿಲ್ಲ" ಅಂತ ಸೇರಿಸಿರುತ್ತಾರೆ. ಕೆಲಸ ಬದಲಾಗಬಹುದು ಅನ್ನಿಸಿದರೆ ಅಂಥದ್ದಕ್ಕೆ ಸಹಿ ಹಾಕಬೇಡಿ.

ಕಡಲ_ತಡಿ_ಮ್ಯೂನಿಕ್

ಹೆಸರು ಕೇಳಿದ ಕೂಡಲೇ "ಮನೆ ಹೋಯಿತು" ಅಂತ ಫೋನ್ ಇಟ್ಟವರೂ ನನಗೆ ಸಿಕ್ಕಿದ್ದಾರೆ. ಅದೇ ಜಾಹೀರಾತು ಮಾರನೇ ದಿನವೂ ಹಾಗೇ ಇತ್ತು. ಬೇಜಾರಾಗುತ್ತೆ, ಮುಂದಿನದಕ್ಕೆ ಹೋಗಿ. ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಹಾಕಿ. ನನ್ನ ಈಗಿನ ಮನೆ ಹಾಗೆ ಸಿಕ್ಕಿದ್ದು, ಸಹೋದ್ಯೋಗಿಯ ಅತ್ತೆಯ ಮನೆ. ಜಾಹೀರಾತಿಗೇ ಬಂದಿರಲಿಲ್ಲ.

ಹಾಸನದ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಂಡನ್ ಓನರ್‌ಗೆ "ಸ್ನೇಹಿತ ನಾಳೆ ಬರ್ತಾನೆ" ಅಂತ ಹಾಕಿದೆ. ಉತ್ತರವೂ ಇಲ್ಲ, ಜಾಹೀರಾತೂ ಇಲ್ಲ. ಎಚ್‌ಆರ್‌ನವರು ಸರ್ವಿಸ್ ಅಪಾರ್ಟ್‌ಮೆಂಟಲ್ಲಿ ಆ ಹಾಳೆ ಕೊಡ್ತಾರೆ ಅಂತ ಬರೆದಿದ್ದಾರೆ. ಕೇಳಿದ್ದಕ್ಕೆ ಇನ್ನೂ ಎರಡು ತಿಂಗಳು ನಮ್ಮ ಖರ್ಚಿನಲ್ಲಿ ಇರಬಹುದಂತೆ. ಹೆಂಡತಿ ಇದನ್ನೆಲ್ಲ ಓದಿ ಫೇಡಾ ಅಣ್ಣನ ಪಕ್ಷ ಸೇರಿದ್ದಾಳೆ, ಹಾಗಾಗಿ ಮೂವರೂ ಬರುತ್ತಿದ್ದೇವೆ. ಅಕ್ಕ, ಬೈಕೋಬೇಡಿ.

ಮನೆ ನೋಡೋಕೆ ಹೋದಾಗ, ಮನೆಗೆ ಹೋದ ಮೇಲೆ ಏನು ಗಮನಿಸಬೇಕು ಸ್ವಲ್ಪ ಹೇಳಿ. ಅಮ್ಮ ಗ್ರೈಂಡರ್ ಕಟ್ಟಿಟ್ಟಿದ್ದಾರೆ, ತರಬಹುದಾ?

ಬೆಣ್ಣೆದೋಸೆ_ಸಿಂಡೆಲ್‌ಫಿಂಗನ್

ಬೈಯೋದೇನು, ಮೂರು ತಿಂಗಳು ಇರೋಕೆ ಜಾಗ ಇದೆ ಅಂದ ಮೇಲೆ ಕರೆದುಕೊಂಡು ಬನ್ನಿ. ಒಂದೇ ತಿಂಗಳಾಗಿದ್ದರೆ ನಾನು ಬಿಡುತ್ತಿರಲಿಲ್ಲ.

ನೋಡೋಕೆ ಹೋದಾಗ ಅವರು ಕೇಳುವ ಒಂದು ಪ್ರಶ್ನೆಗೆ ರೆಡಿಯಾಗಿರಿ. ಮಾಲ್ಮ್ಸ್‌ಹೈಮ್‌ನಲ್ಲಿ ಒಬ್ಬರು ಅಜ್ಜಿ, ಗಂಡ ಹೆಂಡತಿ ಇಬ್ಬರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು "ಅಡುಗೆ ದಿನಾ ಮಾಡ್ತೀರಾ?" ಅಂದರು. ಹೌದು ಅಂದರು ಇವರು. ಅಜ್ಜಿಯ ಕಣ್ಣು ನೇರ ಕಿಟಕಿಯ ಮೂಲೆಗೆ ಹೋಯಿತು. ಅವರಿಗೆ ಒಗ್ಗರಣೆ ವಾಸನೆಗಿಂತ ದೊಡ್ಡ ಚಿಂತೆ ಗೋಡೆಗೆ ಹಿಡಿಯುವ ಬೂಷ್ಟು. ಚಳಿ ಅಂತ ಕಿಟಕಿ ಮುಚ್ಚಿ, ಒಳಗೆ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿದರೆ ಮೂಲೆಯಲ್ಲಿ ಕಪ್ಪು ಚುಕ್ಕೆ ಬರುತ್ತೆ. ಹುಡುಗಿ ಜಾಣೆ. ಬೆಳಿಗ್ಗೆ, ರಾತ್ರಿ, ಅಡುಗೆ ಆದ ಮೇಲೆ ಎಲ್ಲ ಕಿಟಕಿ ಪೂರ್ತಿ ತೆಗೆದು ಹತ್ತು ನಿಮಿಷ ಗಾಳಿ ಆಡಿಸುತ್ತೇನೆ ಅಂದಳು. ಅಜ್ಜಿ ಆಮೇಲೆ ಸಂಬಳದ ಚೀಟಿಯನ್ನು ಸರಿಯಾಗಿ ನೋಡಲೂ ಇಲ್ಲ, ನೆಲಮಾಳಿಗೆ ತೋರಿಸೋಕೆ ಕರೆದುಕೊಂಡು ಹೋದರು. ಇದನ್ನು ಸುಮ್ನೆ ಹೇಳೋದಲ್ಲ, ಮಾಡಲೂಬೇಕು. ಬೂಷ್ಟು ಬಂದರೆ ಅಡ್ವಾನ್ಸ್ ವಾಪಸ್ ಪಡೆಯುವಾಗ ಜಗಳ.

ಬೀಗದ ಕೈ ಕೊಡುವ ದಿನ ಊಬರ್‌ಗಾಬೆ ಪ್ರೊಟೊಕಾಲ್ ಅಂತ ಒಂದು ಪಟ್ಟಿ ಬರೆಯುತ್ತಾರೆ. ನೆಲದ ಗೀರು, ಟೈಲ್ಸ್ ಬಿರುಕು, ಮುಚ್ಚದ ಕಿಟಕಿ, ಎಷ್ಟು ಬೀಗದ ಕೈ, ಮೀಟರ್ ಎಷ್ಟಿದೆ, ಎಲ್ಲ ಅದರಲ್ಲಿ ಬರಬೇಕು. ಸಂಕೋಚ ಬೇಡ. ಪ್ರತಿ ರೂಮಿನ ವಿಡಿಯೋ ಮಾಡಿ.

ಬಚ್ಚಲ ವಿಷಯ ಮೊದಲೇ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಇಲ್ಲಿ ಬಚ್ಚಲಮನೆ ನೆಲಕ್ಕೆ ನೀರು ಹೋಗುವ ತೂತು ಇರೋದಿಲ್ಲ. ಶವರ್ ಜಾಗ ಬಿಟ್ಟು ಹೊರಗೆ ಒಂದು ಚೊಂಬು ನೀರು ಚೆಲ್ಲಿದರೂ ಕೆಳಗಿನ ಮನೆಯ ಚಾವಣಿ ತೇವ. ಬಕೆಟ್ ಸ್ನಾನ ಟಬ್ಬಿನ ಒಳಗೆ ಮಾತ್ರ. ಹಬ್ಬಕ್ಕೆ ಮನೆ ತೊಳೆಯೋದೂ ಇಲ್ಲ, ಒರೆಸೋದಷ್ಟೇ. ದೀಪ ಹಚ್ಚಿ, ತೊಂದರೆಯಿಲ್ಲ. ಊದಿನಕಡ್ಡಿಯನ್ನು ಹೊಗೆ ಅಲಾರಂ ಕೆಳಗೆ ಹಚ್ಚಬೇಡಿ.

ನಮ್ಮ ಈ ಕಡೆ ಕೇರ್‌ವೋಖೆ ಅಂತ ಇದೆ. ಒಂದು ದಿನ ಆಫೀಸಿಂದ ಬಂದಾಗ ನಿಮ್ಮ ಬಾಗಿಲ ಹಿಡಿಗೆ ಒಂದು ಚಿಕ್ಕ ಹಲಗೆ ನೇತಾಡುತ್ತಿರುತ್ತೆ. ಅಂದರೆ ಈ ವಾರ ನಿಮ್ಮ ಸರದಿ. ನಿಮ್ಮ ಮಹಡಿಯ ಮೆಟ್ಟಿಲು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಟಕಟೆ ಒರೆಸಿ, ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ಹಾಕಬೇಕು. ಕೆಲವು ಕಡೆ ಹೊರಗಿನ ಕಾಲುದಾರಿಯ ಹಿಮ ಬಾಚೋದೂ ಸೇರಿರುತ್ತೆ. ಇದನ್ನು ತಪ್ಪಿಸಿದವರ ಬಗ್ಗೆ ಇಡೀ ಕಟ್ಟಡ ಮಾತಾಡುತ್ತೆ. ನೆಟ್ಟಗೆ ಮಾಡಿದರೆ ಮೇಲಿನ ಮನೆಯವರು ಕ್ರಿಸ್‌ಮಸ್‌ಗೆ ಬಿಸ್ಕೆಟ್ ತಂದುಕೊಡುತ್ತಾರೆ.

ವಿಳಾಸ ಬರೆಸಿದ ಸ್ವಲ್ಪ ದಿನಕ್ಕೆ ರೇಡಿಯೋ ಟಿವಿ ಶುಲ್ಕದ ಕಾಗದ ಬರುತ್ತೆ, ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಅದು ಮೋಸದ ಕಾಗದವಲ್ಲ, ಬಿಸಾಡಬೇಡಿ.

ಗ್ರೈಂಡರ್ ತನ್ನಿ. ವೋಲ್ಟೇಜ್ ನಮ್ಮಲ್ಲಿರುವಂತೆ 230, ಮೋಟಾರಿಗೆ ಏನೂ ಆಗೋದಿಲ್ಲ. ನಮ್ಮ ಮೂರು ಕಡ್ಡಿ ಪ್ಲಗ್ ಮಾತ್ರ ಇಲ್ಲಿಯ ಸಾಕೆಟ್‌ಗೆ ಹೋಗೋದಿಲ್ಲ. ಅರ್ಥ್ ಇಲ್ಲದ ಅಗ್ಗದ ಅಡಾಪ್ಟರ್ ಹಾಕಬೇಡಿ, ಇಲ್ಲಿಗೆ ಬಂದು ಪ್ಲಗ್ಗನ್ನೇ ಬದಲಿಸಿ. ಕುಕ್ಕರ್ ತರುವುದಾದರೆ ತಳ ಚಪ್ಪಟೆ ಇರುವ ಸ್ಟೀಲಿಂದು ತನ್ನಿ, ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗೋದಿಲ್ಲ. ದೋಸೆ ಹಂಚೂ ಅಷ್ಟೇ, ನಡುವೆ ತಗ್ಗಿರೋದು ಬೇಡ. ಇಲ್ಲಿ ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವ ಹಾಗಿಲ್ಲ. ಭಾನುವಾರದ ದೋಸೆಗೆ ಶನಿವಾರ ಸಂಜೆಯೇ ರುಬ್ಬಿಡಿ. ಚಳಿಗಾಲದಲ್ಲಿ ಹಿಟ್ಟು ಹುದುಗಬೇಕಾದರೆ ಓವನ್ನಿನ ಲೈಟು ಮಾತ್ರ ಹಾಕಿ ಒಳಗಿಡಿ.